ದನಗಳ ನರಹುಲಿ: ಗಂಟು ಬೆಳೆಯುವುದು ಹೇಗೆ, ಕರಗುವುದು ಹೇಗೆ?

ಕರು ಮತ್ತು ಕಡಸುಗಳ ಕತ್ತು, ಹೆಗಲು, ಕಿವಿ, ಕಣ್ಣಿನ ಸುತ್ತ ಹಾಗೂ ಮೊಲೆತೊಟ್ಟುಗಳ ಮೇಲೆ ಹೂಕೋಸಿನಂತೆ ಒರಟಾದ ಗಂಟುಗಳು ಏಳುವುದನ್ನು ರೈತರು ನೋಡಿಯೇ ಇರುತ್ತಾರೆ. ಇವೇ ನರಹುಲಿ. ಕೆಲವೆಡೆ ನರುಳ್ಳಿ ಎಂದೂ ಕರೆಯುತ್ತಾರೆ. ಇವು ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯ ತರುವುದಿಲ್ಲ. ಆದರೆ ತೊಟ್ಟಿನ ಮೇಲೆ ಎದ್ದರೆ ಹಾಲು ಹಿಂಡುವುದು ಕಷ್ಟ. ಗಂಟು ಒಡೆದು ಗಾಯವಾದರೆ ನೊಣ, ಹುಳುಗಳ ಕಾಟ. ಮಾರಾಟಕ್ಕೆ ಹೋದ ರಾಸಿನ ಬೆಲೆಯೂ ಇಳಿಯುತ್ತದೆ.

ಕೆಲವರು ತಾನಾಗಿಯೇ ಉದುರುತ್ತದೆಂದು ಸುಮ್ಮನಿರುತ್ತಾರೆ. ಇನ್ನು ಕೆಲವರು ಅವಸರಪಟ್ಟು ಸುಣ್ಣ, ಸೋಡ ಹಚ್ಚಿ ಸುಡುತ್ತಾರೆ, ಇಲ್ಲವೆ ಕುಯ್ಯುತ್ತಾರೆ. ಯಾವಾಗ ಕಾಯಬೇಕು, ಯಾವಾಗ ತೆಗೆಸಬೇಕು ಎಂಬುದನ್ನು ನಿರ್ಧರಿಸಲು ಗಂಟಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ರೋಗಕ್ಕೆ ಕಾರಣ

ನರಹುಲಿ ಒಂದು ದನದಿಂದ ಇನ್ನೊಂದಕ್ಕೆ ಅಂಟುವ ರೋಗವೆಂಬುದನ್ನು 1929ರಲ್ಲಿ ಅಮೆರಿಕದ ಕ್ರೀಚ್ ಎಂಬ ವಿಜ್ಞಾನಿ ಪ್ರಯೋಗದಿಂದ ತೋರಿಸಿದರು. ಇದಕ್ಕೆ ಕಾರಣ ಪ್ಯಾಪಿಲೋಮ ಎಂಬ ವೈರಸ್. ಇದರ ಕಣ ಎಷ್ಟು ಚಿಕ್ಕದೆಂದರೆ ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 18,000 ಕಣಗಳನ್ನು ಸಾಲಾಗಿ ಜೋಡಿಸಬಹುದು. ದನಗಳಲ್ಲಿ ಈ ವೈರಸ್ಸಿನ 20ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಒಂದನೆಯ ಮತ್ತು ಎರಡನೆಯ ಬಗೆಗಳು ಹೊರಚರ್ಮವನ್ನಷ್ಟೇ ಅಲ್ಲದೆ ಒಳಚರ್ಮದ ನಾರಿನ ಅಂಗಾಂಶವನ್ನೂ ಬೆಳೆಸಿ ಗಟ್ಟಿ ಗಂಟುಗಳನ್ನು ಉಂಟುಮಾಡುತ್ತವೆ.

ಮುಳ್ಳುತಂತಿ ಗೀರಿದ ಜಾಗ, ಉಣ್ಣೆ ಕಚ್ಚಿದ ಜಾಗ, ಮೂಗುದಾರ ಉಜ್ಜಿದ ಜಾಗ, ಇವೇ ವೈರಸ್ಸಿಗೆ ಬಾಗಿಲು. ಒಳಹೊಕ್ಕ ಮೇಲೆ ಅದು ಇ-5 ಎಂಬ ಪುಟ್ಟ ಪ್ರೋಟೀನನ್ನು ತಯಾರಿಸುತ್ತದೆ. ಕೇವಲ 44 ಅಮೈನೊ ಆಮ್ಲಗಳಿಂದಾದ ಈ ಪ್ರೋಟೀನು ಜೀವಕೋಶಕ್ಕೆ 'ಬೆಳೆ, ಇಬ್ಭಾಗವಾಗು' ಎಂಬ ಸೂಚನೆಯನ್ನು ಎಡೆಬಿಡದೆ ಕೊಡುತ್ತಿರುತ್ತದೆ.

ಅಂಗಾಂಶ ಕರಗಿಸುವ ಕಿಣ್ವಗಳು

ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುವುದುಂಟು. ಹುಲ್ಲಿನ ಎಳೆಗಳು ಗೋಡೆ ಬಿರುಕು ಬಿಡದಂತೆ ಹಿಡಿದಿಡುತ್ತವೆ. ಚರ್ಮದಲ್ಲಿಯೂ ಹೀಗೆಯೇ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಜೀವಕೋಶಗಳ ನಡುವೆ ಹೆಣೆದುಕೊಂಡಿವೆ. ಹೊರಚರ್ಮಕ್ಕೂ ಒಳಚರ್ಮಕ್ಕೂ ನಡುವೆ ತೆಳುವಾದ ತಳಪೊರೆಯೊಂದು ಗಡಿಯಂತೆ ಇರುತ್ತದೆ. ಗಂಟು ಬೆಳೆಯಬೇಕಾದರೆ ಸುತ್ತಲಿನ ಈ ಹೆಣಿಗೆ ಸಡಿಲವಾಗಿ ಜಾಗ ಬಿಡಬೇಕು.

ಈ ಎಳೆಗಳನ್ನು ಕತ್ತರಿಸುವ ಕಿಣ್ವಗಳು ದೇಹದಲ್ಲಿಯೇ ಇವೆ. 1962ರಲ್ಲಿ ಗ್ರಾಸ್ ಮತ್ತು ಲಾಪಿಯೇರ್ ಎಂಬ ವಿಜ್ಞಾನಿಗಳು ಕಪ್ಪೆಯ ಗೊದಮೊಟ್ಟೆಯ ಬಾಲದಲ್ಲಿ ಇಂತಹ ಕಿಣ್ವವನ್ನು ಕಂಡುಹಿಡಿದರು. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಕರಗಿಹೋಗುವುದನ್ನು ಕೆರೆಯ ದಂಡೆಯಲ್ಲಿ ಯಾರಾದರೂ ನೋಡಬಹುದು. ಈ ಕಿಣ್ವಗಳ ಗುಂಪಿಗೆ ಮೇಟ್ರಿಕ್ಸ್ ಮೆಟಲೋಪ್ರೊಟಿನೇಸ್ ಎಂದು ಹೆಸರು. ಇವು ಕೆಲಸ ಮಾಡಲು ಸತುವಿನ ಅಂಶ ಅವಶ್ಯಕ. ಜೀವಕೋಶಗಳು ಇವನ್ನು ಮೊದಲು ನಿಷ್ಕ್ರಿಯ ರೂಪದಲ್ಲಿ ತಯಾರಿಸುತ್ತವೆ. ಬೇಕಾದಾಗ ಮಾತ್ರ ಚುರುಕುಗೊಳಿಸುತ್ತವೆ. ಇವನ್ನು ಹತೋಟಿಯಲ್ಲಿಡಲು ತಡೆಗಾರ ಪ್ರೋಟೀನುಗಳೂ ಇವೆ.

ಇಂತಹ ಕಿಣ್ವಗಳು ಕೆಡುಕಿನವೇನೂ ಅಲ್ಲ. ಗಾಯ ಮಾಯುವಾಗ ಇವು ಬೇಕು. ಹಸು ಈದ ಮೇಲೆ ಮಾಸು (ಸತ್ತೆ) ಗರ್ಭಕೋಶದಿಂದ ಬಿಡಿಸಿಕೊಂಡು ಬೀಳಲೂ ಕೊಲ್ಯಾಜನ್ ಕರಗಬೇಕು. ಕಿಣ್ವ ಮತ್ತು ತಡೆಗಾರಗಳ ಸಮತೋಲ ತಪ್ಪಿದಾಗ ಮಾತ್ರ ತೊಂದರೆ.

ನರಹುಲಿಯಲ್ಲಿ ಇವುಗಳ ಪಾತ್ರ

ಗಂತಿಗಳನ್ನು ಪರೀಕ್ಷಿಸುವಾಗ ಈ ಗುಂಪಿನ 2 ಮತ್ತು 9ನೇ ಸಂಖ್ಯೆಯ ಕಿಣ್ವಗಳ ಕಡೆ ವಿಶೇಷ ಗಮನ ಕೊಡುತ್ತಾರೆ. ತಳಪೊರೆಯಲ್ಲಿರುವ ಕೊಲ್ಯಾಜನ್ನನ್ನು ಇವು ಕತ್ತರಿಸಬಲ್ಲವು. ಪರೀಕ್ಷೆಯ ವಿಧಾನ ಸರಳ. ಗಂಟಿನ ಸಾರವನ್ನು ಜೆಲಟಿನ್ ಬೆರೆಸಿದ ಪದರದಲ್ಲಿ ವಿದ್ಯುತ್ತಿನಿಂದ ಹರಿಸಿ, ಆಮೇಲೆ ಪದರಕ್ಕೆ ನೀಲಿ ಬಣ್ಣ ಕಟ್ಟುತ್ತಾರೆ. ಕಿಣ್ವವಿದ್ದ ಕಡೆ ಜೆಲಟಿನ್ ಕರಗಿಹೋಗಿರುವುದರಿಂದ ಬಣ್ಣ ಹಿಡಿಯದೆ ಬಿಳಿ ಪಟ್ಟಿ ಕಾಣುತ್ತದೆ.

ದನಗಳ ಸಾಮಾನ್ಯ ನರಹುಲಿ ತಳಪೊರೆಯ ಗಡಿ ದಾಟಿ ಒಳಕ್ಕೆ ನುಗ್ಗುವುದಿಲ್ಲ. ಆದರೆ ದನಗಳ ಇದೇ ಒಂದನೆಯ ಮತ್ತು ಎರಡನೆಯ ಬಗೆಯ ವೈರಸ್ ಕುದುರೆಗೆ ತಗಲಿದರೆ ಸಾರ್ಕಾಯ್ಡ್ ಎಂಬ ಮೊಂಡು ಗಂತಿ ಬೆಳೆಯುತ್ತದೆ. ಅದು ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತದೆ. ಕುಯ್ದರೂ ಮರಳಿ ಬರುತ್ತದೆ. ಆ ಗಂತಿಯ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ ಅಂಗಾಂಶ ಕರಗಿಸುವ ಕಿಣ್ವಗಳು ಹೆಚ್ಚಾಗಿರುವುದು ಕಂಡುಬಂದಿದೆ. ಆದರೆ ಕಿಣ್ವ ಇದ್ದ ಮಾತ್ರಕ್ಕೆ ಗಂಟು ಕೆಟ್ಟದ್ದೆಂದು ತೀರ್ಮಾನಿಸಬಾರದು. ನರಹುಲಿ ಕುಗ್ಗುವಾಗಲೂ ನಾರಿನ ಅಂಗಾಂಶ ಕರಗಲೇಬೇಕು. ರಾಸಿನ ರೋಗನಿರೋಧಕ ಶಕ್ತಿ ಎಚ್ಚೆತ್ತರೆ, ಬಿಳಿ ರಕ್ತಕಣಗಳು ಗಂಟಿನೊಳಗೆ ಸೇರಿ ಅದನ್ನು ಇಳಿಸುತ್ತವೆ. ಆದ್ದರಿಂದಲೇ ಎಷ್ಟೋ ಕರುಗಳಲ್ಲಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಗಂಟುಗಳು ಒಣಗಿ ಉದುರುತ್ತವೆ.

ನಿರೋಧ ಶಕ್ತಿ ಕುಗ್ಗಿದ ರಾಸುಗಳ ಮಾತು ಬೇರೆ. ನೀಲಗಿರಿ ಹಾಗೂ ಹಿಮಾಲಯದ ತಪ್ಪಲಿನಲ್ಲಿ ಬ್ರೇಕನ್ ಎಂಬ ಜರಿಗಿಡವನ್ನು ಬಹುಕಾಲ ಮೇದ ದನಗಳಿಗೆ ಮೂತ್ರಕೋಶದ ಗಂತಿಯಾಗಿ ಕೆಂಪು ಮೂತ್ರ ಹೋಗುವುದುಂಟು. ಗಿಡದ ವಿಷದೊಂದಿಗೆ ಎರಡನೆಯ ಬಗೆಯ ವೈರಸ್ಸಿಗೂ ಇದರಲ್ಲಿ ಸಂಬಂಧವಿದೆ.

ರೈತರು ಮಾಡಬೇಕಾದುದು

1. ಗಂಟು ನರಹುಲಿಯೇ ಎಂದು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ. ಜ್ವರದ ಜೊತೆಗೆ ಮೈತುಂಬ ದುಂಡನೆಯ ಗಂಟುಗಳು ಒಮ್ಮೆಲೇ ಎದ್ದರೆ ಅದು 2019ರಿಂದ ನಮ್ಮ ದೇಶದಲ್ಲಿ ಕಾಣಿಸಿಕೊಂಡಿರುವ ಚರ್ಮಗಂಟು ರೋಗವಾಗಿರಬಹುದು. ನರಹುಲಿಯಲ್ಲಿ ಜ್ವರವಿರುವುದಿಲ್ಲ.

2. ಎಳೆಯ ಕರುವಿಗೆ ಕೆಲವೇ ಗಂಟುಗಳಿದ್ದು, ಮೇವು, ಹಾಲಿಗೆ ಅಡ್ಡಿಯಾಗದಿದ್ದರೆ ಕಾಯಬಹುದು.

3. ಗಂಟು ಹೊಸದಾಗಿ ಬೆಳೆಯುತ್ತಿರುವಾಗ ಕುಯ್ಸಬೇಡಿ. ಮರಳಿ ಬಂದು ಇನ್ನೂ ಹೆಚ್ಚಬಹುದು. ಬೆಳವಣಿಗೆ ನಿಂತ ಮೇಲೆ ಅಥವಾ ಕುಗ್ಗತೊಡಗಿದಾಗ ವೈದ್ಯರಿಂದ ತೆಗೆಸುವುದು ಲೇಸು.

4. ತೊಟ್ಟಿನ ಮೇಲೆ ಸುಣ್ಣ, ಸೋಡ, ಆಮ್ಲ ಯಾವುದನ್ನೂ ಹಚ್ಚಬಾರದು. ತೊಟ್ಟು ಸುಟ್ಟು ಕೆಚ್ಚಲು ಬಾವಿಗೆ ದಾರಿಯಾದೀತು.

5. ಗಂಟುಗಳು ಬಹಳವಿದ್ದರೆ ವೈದ್ಯರು ಆಂಟಿಮನಿ ಸೇರಿದ ಚುಚ್ಚುಮದ್ದು ಕೊಡಬಹುದು. ಅದೇ ಹಿಂಡಿನ ಗಂಟಿನಿಂದ ತಯಾರಿಸಿದ ಲಸಿಕೆಯೂ ಉಂಟು. ಇದು ಬಂದ ಗಂಟನ್ನು ಕರಗಿಸುವುದಕ್ಕಿಂತ ಉಳಿದ ರಾಸುಗಳಿಗೆ ಬಾರದಂತೆ ತಡೆಯುವುದರಲ್ಲಿ ಹೆಚ್ಚು ಉಪಯುಕ್ತ.

6. ರೋಗದ ರಾಸನ್ನು ಬೇರೆ ಕಟ್ಟಿ. ಅದರ ಕಣ್ಣಿ, ಮೂಗುದಾರಗಳನ್ನು ಬೇರೆ ರಾಸಿಗೆ ಬಳಸಬೇಡಿ. ಅದರ ಹಾಲನ್ನು ಕೊನೆಯಲ್ಲಿ ಕರೆದು ಕೈ ತೊಳೆಯಿರಿ. ಕಿವಿಯೋಲೆ ಹಾಕುವ, ಕೊಂಬು ಸುಡುವ ಉಪಕರಣಗಳನ್ನೂ ಸೂಜಿಗಳನ್ನೂ ಪ್ರತಿ ರಾಸಿನ ನಂತರ ಕುದಿಸಿ ಶುದ್ಧಿ ಮಾಡಿ. ಉಣ್ಣೆಗಳನ್ನು ಹತೋಟಿಯಲ್ಲಿಡಿ.

7. ವರ್ಷ ಕಳೆದರೂ ಕರಗದ, ಒಡೆದು ರಕ್ತ ಸೋರುವ ಅಥವಾ ಬೇಗಬೇಗ ಹರಡುವ ಗಂಟನ್ನು ಅಲಕ್ಷಿಸಬೇಡಿ. ಅದರ ತುಣುಕನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ದನದ ನರಹುಲಿ ಮನುಷ್ಯರಿಗೆ ಅಂಟುವುದಿಲ್ಲ. ಆದ್ದರಿಂದ ಹೆದರಿ ರಾಸನ್ನು ಅಗ್ಗಕ್ಕೆ ಮಾರಬೇಕಾಗಿಲ್ಲ. ಕಿಣ್ವಗಳನ್ನು ತಡೆದು ನರಹುಲಿ ವಾಸಿಮಾಡುವ ಔಷಧಿ ಕೊಟ್ಟಿಗೆಯ ಬಳಕೆಗೆ ಬಂದಿಲ್ಲ. ಇಂದು ರೈತರ ಕೈಯಲ್ಲಿರುವ ಉತ್ತಮ ಸಾಧನಗಳು ಗಾಯವಾಗದಂತೆ ನೋಡಿಕೊಳ್ಳುವುದು, ಶುಚಿತ್ವ ಮತ್ತು ಸಕಾಲದ ಸಲಹೆ. ಒಳ್ಳೆಯ ಮೇವು ಕೊಟ್ಟು ರಾಸಿನ ನಿರೋಧ ಶಕ್ತಿಯನ್ನು ಕಾಪಾಡಿದರೆ ಬಹುಪಾಲು ನರಹುಲಿಗಳನ್ನು ಅದರ ದೇಹವೇ ಕರಗಿಸಿಕೊಳ್ಳುತ್ತದೆ.