ಸ್ಟೆಪ್ನಿ ಬೇಕೆ, ಪಂಕ್ಚರು ಪೆಟ್ಟಿಗೆ ಸಾಕೆ?

ಹೊಸ ಮೋಟಾರು ಕಾರನ್ನು ಕೊಳ್ಳಲು ಹೋದವರು ಹಿಂಬದಿಯ ಮುಚ್ಚಳವನ್ನೆತ್ತಿ ನೋಡಿ, ಅಲ್ಲಿ ಐದನೆಯ ಚಕ್ರವೇ ಇಲ್ಲದಿರುವುದನ್ನು ಕಂಡು ಬೆರಗಾಗುವುದು ಈಚೆಗೆ ಅಪರೂಪವೇನಲ್ಲ. ಚಕ್ರವಿರಬೇಕಾದ ಎಡೆಯಲ್ಲಿ ಒಂದು ಪುಟ್ಟ ಗಾಳಿಯಂತ್ರವೂ, ಹಾಲಿನಂಥ ದ್ರವವನ್ನು ತುಂಬಿದ ಒಂದು ಸೀಸೆಯೂ ಇರುತ್ತವೆ. ಇದು ಮಾರುವವನ ಕೈಚಳಕವಲ್ಲ. ಇದಕ್ಕೆ ಕಾನೂನಿನ ಸಮ್ಮತಿ ಉಂಟು. 2020ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನಗಳ ನಿಯಮಾವಳಿಗೆ ಒಂದು ತಿದ್ದುಪಡಿಯನ್ನು ತಂದಿತು. ಚಾಲಕನಲ್ಲದೆ ಎಂಟು ಆಸನಗಳಿಗೆ ಮೀರದ ಪ್ರಯಾಣಿಕ ವಾಹನಕ್ಕೆ ಟ್ಯೂಬಿಲ್ಲದ ಟೈರುಗಳಿದ್ದು, ಟೈರಿನ ಒತ್ತಡವನ್ನು ತಿಳಿಸುವ ಸಾಧನವೂ ರಂಧ್ರ ಮುಚ್ಚುವ ಸಾಮಗ್ರಿಯೂ ಜೊತೆಗಿದ್ದರೆ, ಹೆಚ್ಚುವರಿ ಚಕ್ರ ಕಡ್ಡಾಯವಲ್ಲವೆಂದು ಅದರ ತಾತ್ಪರ್ಯ. ಕಡ್ಡಾಯವಲ್ಲವೆಂದ ಮಾತ್ರಕ್ಕೆ ಅನಾವಶ್ಯಕವೆಂದು ಆಗುವುದೆ? ಇದನ್ನು ಕೊಂಚ ಪರಿಶೀಲಿಸೋಣ.

ಮೊದಲು ಹೆಸರಿನ ಮಾತು. ಮೋಟಾರುಗಳ ಆದಿಕಾಲದಲ್ಲಿ ಐದನೆಯ ಚಕ್ರವೆಂಬುದೇ ಇರಲಿಲ್ಲ. ಗಾಳಿ ಹೋದರೆ ಚಾಲಕನು ರಸ್ತೆಯ ಮೇಲೆಯೇ ಕುಳಿತು ಟೈರನ್ನು ಕಿತ್ತು, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕಿತ್ತು. 1904ರಲ್ಲಿ ವೇಲ್ಸ್ ದೇಶದ ಲಾನೆಲಿ ಎಂಬ ಊರಿನಲ್ಲಿ ಡೇವಿಸ್ ಸೋದರರು ಒಂದು ಉಪಾಯ ಹೂಡಿದರು. ಅರೆಕಾಲುಗಳಿಲ್ಲದ ಬರಿಯ ಕಬ್ಬಿಣದ ಬಳೆಗೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಅದನ್ನು ಕೆಟ್ಟ ಚಕ್ರದ ಪಕ್ಕಕ್ಕೆ ಕೊಂಡಿಗಳಿಂದ ಬಿಗಿಯುವುದೇ ಆ ಉಪಾಯ. ಅವರ ಕಾರ್ಖಾನೆ ಇದ್ದುದು ಸ್ಟೆಪ್ನಿ ಬೀದಿಯಲ್ಲಿ. ಆ ಬಳೆ ಎಂದೋ ಕಣ್ಮರೆಯಾಯಿತು. ಬೀದಿಯ ಹೆಸರು ಮಾತ್ರ ಸಮುದ್ರ ದಾಟಿ ಬಂದು ನಮ್ಮ ಮೆಕ್ಯಾನಿಕ್ಕುಗಳ ನಾಲಗೆಯ ಮೇಲೆ ನೆಲೆಸಿದೆ. ಹೀಗೆ ನೋಡಿದರೆ ರಸ್ತೆಯ ಮೇಲೆಯೇ ರಂಧ್ರ ಮುಚ್ಚುವ ಇಂದಿನ ಪದ್ಧತಿ ಹೊಸದಲ್ಲ, ಸ್ಟೆಪ್ನಿಗಿಂತ ಹಳೆಯದು.

ಇನ್ನು ಟೈರಿನೊಳಗಣ ಗಾಳಿಯ ವಿಚಾರ. ಪೆಟ್ರೋಲು ಬಂಕಿನ ಹುಡುಗ 33 ಎಂದು ಅಂಕಿಯಿಟ್ಟು ಗಾಳಿ ತುಂಬುವುದನ್ನು ವಾಚಕರು ನೋಡಿರಬಹುದು. ಅದು ಚದರಂಗುಲಕ್ಕೆ 33 ಪೌಂಡು. ಅರ್ಥಾತ್ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋಗ್ರಾಂ. ಕಾರಿನ ತೂಕ 1200 ಕಿಲೋಗ್ರಾಂ ಎಂದಿಟ್ಟುಕೊಂಡರೆ ಒಂದೊಂದು ಚಕ್ರದ ಪಾಲು 300. ಇದನ್ನು 2.3ರಿಂದ ಭಾಗಿಸಿದರೆ ಚಕ್ರವು ನೆಲವನ್ನು ಮುಟ್ಟುವ ವಿಸ್ತೀರ್ಣ ಸಿಕ್ಕುವುದು: ಸುಮಾರು 130 ಚದರ ಸೆಂಟಿಮೀಟರು. ಅಷ್ಟೇ! ಇಡೀ ಕಾರು ಅಂಗೈಯಗಲದ ನಾಲ್ಕು ತುಣುಕುಗಳ ಮೇಲೆ ನಿಂತಿದೆ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದಾಗ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಉತ್ತರವನ್ನು ನಂಬದೆ ಮತ್ತೊಮ್ಮೆ ಭಾಗಾಕಾರ ಮಾಡುವುದುಂಟು.

ಈಗ ಟೈರಿನ ನಡುಭಾಗಕ್ಕೆ ಒಂದು ಮೊಳೆ ಚುಚ್ಚಿತೆನ್ನೋಣ. ಟ್ಯೂಬಿಲ್ಲದ ಟೈರಿನ ಒಳಮೈಗೆ ಗಾಳಿಯನ್ನು ಬಿಟ್ಟುಕೊಡದ ರಬ್ಬರಿನ ಪದರವಿರುತ್ತದೆ. ಅದು ಮೊಳೆಯನ್ನು ಬಿಗಿಯಾಗಿ ಅಪ್ಪಿ ಹಿಡಿಯುವುದರಿಂದ ಗಾಳಿ ಮೆಲ್ಲಗೆ ಸೋರುತ್ತದೆ. ಮನೆಯೋ ಪಂಕ್ಚರು ಅಂಗಡಿಯೋ ತಲಪುವಷ್ಟು ಅವಕಾಶ ಅನೇಕ ವೇಳೆ ದೊರೆಯುವುದು. ಮೊಳೆಯನ್ನು ಕಂಡೊಡನೆ ಕಿತ್ತೆಸೆಯುವುದು ಅವಿವೇಕವೆನ್ನುವುದು ಇದಕ್ಕಾಗಿಯೇ. ಕಿತ್ತಲ್ಲಿ ಒಂದು ಮಿಲಿಮೀಟರು ವ್ಯಾಸದ ರಂಧ್ರ ಬಾಯ್ದೆರೆದು ನಿಂತಿತೆನ್ನೋಣ. ಒಳಗಿನ ಒತ್ತಡವು ಹೊರಗಿನದರ ಎರಡರಷ್ಟನ್ನು ಮೀರಿರುವುದರಿಂದ ಗಾಳಿ ಆ ಬಾಯಲ್ಲಿ ಶಬ್ದದ ವೇಗದಿಂದಲೇ ನುಗ್ಗುವುದು. ನಾವು ಲೆಕ್ಕ ಹಾಕಿದಂತೆ ನಿಮಿಷಕ್ಕೆ ಸುಮಾರು 25 ಲೀಟರು ಗಾಳಿ ನಷ್ಟ. ಒಂದೂವರೆ ಎರಡು ನಿಮಿಷಗಳಲ್ಲಿ ಮಾಪಕದ ಮುಳ್ಳು ಅರ್ಧಕ್ಕೆ ಇಳಿಯುವುದು.

ಪೆಟ್ಟಿಗೆಯ ಗಾಳಿಯಂತ್ರವು ನಿಮಿಷಕ್ಕೆ 15 ಲೀಟರು ತುಂಬುವುದೆಂದು ಭಾವಿಸಿದರೆ, ರಂಧ್ರವಿಲ್ಲದ ಬರಿದಾದ ಟೈರಿಗೆ ಬೇಕಾದ 70 ಲೀಟರು ಗಾಳಿಯನ್ನು ಐದು ನಿಮಿಷದೊಳಗೆ ಒದಗಿಸೀತು. ಆದರೆ ಮೇಲ್ಕಂಡ ರಂಧ್ರದ ಎದುರು ಅದು ಸೋಲುತ್ತದೆ; ತುಂಬಿದ್ದೂ ಸೋರಿದ್ದೂ ಸಮವಾಗಿ, ಒತ್ತಡವು ಅರ್ಧವನ್ನೂ ಮುಟ್ಟದೆ ನಿಂತುಬಿಡುವುದು. ಯಂತ್ರವೊಂದೇ ಸಾಲದು, ಸೀಸೆಯೂ ಬೇಕೆಂಬುದಕ್ಕೆ ಕಾರಣವಿದು.

ಸೀಸೆಯಲ್ಲಿರುವುದು ಬಹುಮಟ್ಟಿಗೆ ರಬ್ಬರಿನ ಹಾಲು. ಸುಳ್ಯ, ಪುತ್ತೂರುಗಳ ಕಡೆಯ ತೋಟಗಳಲ್ಲಿ ಮರದಿಂದ ಬಸಿದ ರಬ್ಬರು ಹಾಲಿಗೆ ಆಮ್ಲವನ್ನು ಬೆರಸಿ ಹೆಪ್ಪುಗಟ್ಟಿಸುವುದನ್ನು ಆ ಸೀಮೆಯವರು ಬಲ್ಲರು. ಇಲ್ಲಿ ಆಮ್ಲದ ಕೆಲಸವನ್ನು ರಭಸವೇ ಮಾಡುತ್ತದೆ. ಹೊರನುಗ್ಗುವ ಗಾಳಿ ದ್ರವವನ್ನು ರಂಧ್ರದತ್ತ ಸೆಳೆದೊಯ್ಯುತ್ತದೆ. ಇಕ್ಕಟ್ಟಾದ ಬಾಯಲ್ಲಿ ಕಡೆತಕ್ಕೆ ಸಿಕ್ಕಿದ ಕಣಗಳು, ಮಜ್ಜಿಗೆ ಕಡೆದಾಗ ಬೆಣ್ಣೆ ಕಟ್ಟುವಂತೆ, ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ದ್ರವದಲ್ಲಿ ಬೆರಸಿದ ಎಳೆಗಳು ಆ ಗಡ್ಡೆಯನ್ನು ಹಿಡಿದು ನಿಲ್ಲಿಸುತ್ತವೆ. ಗಾಳಿ ತುಂಬಿದ ಕೂಡಲೇ ಕೆಲವು ಕಿಲೋಮೀಟರು ಮೆಲ್ಲಗೆ ಓಡಿಸಿ, ನಿಂತು, ಮತ್ತೆ ಒತ್ತಡವನ್ನು ಅಳೆಯಿರಿ ಎಂಬ ಸೂಚನೆ ಸುಮ್ಮನೆ ಬರೆದುದಲ್ಲ: ಚಕ್ರ ಉರುಳಿದರಲ್ಲದೆ ದ್ರವವು ಒಳಮೈಗೆಲ್ಲ ಹರಡಿ ರಂಧ್ರವನ್ನು ಹುಡುಕಲಾರದು.

ಇದಕ್ಕೆ ಮಿತಿಯೂ ಉಂಟು. ಆರು ಮಿಲಿಮೀಟರು ವ್ಯಾಸದ ರಂಧ್ರವಾದರೆ ಅದನ್ನು ಮುಚ್ಚಿದ ಬಿರಡೆಯ ಮೇಲೆ ಸುಮಾರು 650 ಗ್ರಾಂ ಭಾರ ಬೀಳುವುದು; ಒಂದು ಮಿಲಿಮೀಟರಿನದರ ಮೇಲೆ ಬರಿಯ 18 ಗ್ರಾಂ. ವ್ಯಾಸ ಆರರಷ್ಟಾದರೆ ಭಾರ ಮೂವತ್ತಾರರಷ್ಟು. ಮೆದು ಗಡ್ಡೆ ಇದನ್ನು ಎಷ್ಟೆಂದು ತಡೆದೀತು? ಸೀಸೆಗಳ ಮೇಲೆ ನಾಲ್ಕು ಅಥವಾ ಆರು ಮಿಲಿಮೀಟರಿನ ಮಿತಿಯನ್ನು ಬರೆದಿರುವುದರ ಒಳಗುಟ್ಟು ಇಷ್ಟೆ. ನಮ್ಮ ಪಂಕ್ಚರು ಅಂಗಡಿಗಳಲ್ಲಿ ಬಳಸುವ ಅಂಟುಬತ್ತಿ ಇದಕ್ಕಿಂತ ಗಟ್ಟಿ: ರಂಧ್ರವನ್ನು ಉಜ್ಜುಗೋಲಿನಿಂದ ಸವರಿ, ಕಣ್ಣುಳ್ಳ ದಪ್ಪ ಸೂಜಿಯಿಂದ ಬತ್ತಿಯನ್ನು ತುರುಕಿದರೆ ಸುತ್ತಣ ರಬ್ಬರು ಅದನ್ನು ಅದುಮಿ ಹಿಡಿಯುವುದು. ಕೈಬಲವಿದ್ದವರು ಚಕ್ರವನ್ನು ಕಳಚದೆಯೇ ಇದನ್ನು ಮಾಡಬಹುದು. ಹಾಲಿನ ಸೀಸೆಗಿಂತ ಈ ಬತ್ತಿಯ ಪೊಟ್ಟಣವನ್ನೇ ನಾವು ಮೆಚ್ಚುತ್ತೇವೆ. ಬೆಲೆಯೂ ಕಡಿಮೆ, ಟೈರಿನೊಳಗೆ ಅಂಟಿನ ರಾಡಿಯೂ ಇಲ್ಲ.

ಆದರೆ ಇವೆರಡೂ ನೆಲವನ್ನು ಮುಟ್ಟುವ ನಡುಭಾಗಕ್ಕೆ ಮಾತ್ರ ಸಲ್ಲುತ್ತವೆ. ಟೈರಿನ ಕೆನ್ನೆಗೆ ಪೆಟ್ಟಾದರೆ ಪೆಟ್ಟಿಗೆಯಿಂದ ಏನೂ ಪ್ರಯೋಜನವಿಲ್ಲ. ನಡುಭಾಗದಲ್ಲಿ ಉಕ್ಕಿನ ತಂತಿಯ ಪಟ್ಟಿಗಳಿದ್ದರೆ ಕೆನ್ನೆಯಲ್ಲಿರುವುದು ರಬ್ಬರು ಮೆತ್ತಿದ ನೂಲಿನ ಒಂದೆರಡು ಪದರ. ಅಷ್ಟು ತೆಳುವಾದುದು ಪ್ರತಿಯೊಂದು ಸುತ್ತಿಗೂ ಒಮ್ಮೆ ಬಾಗಿ ನೆಟ್ಟಗಾಗಬೇಕು. ಸಾಧಾರಣ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 510 ಸುತ್ತು ಸುತ್ತುವುದು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಸಲಕ್ಕೂ ಮಿಗಿಲಾಗಿ ಈ ಬಾಗಾಟ. ಯಾವ ಬತ್ತಿ, ಯಾವ ಗಡ್ಡೆ ಇದಕ್ಕೆ ನಿಂತೀತು? ಗಾಳಿಯಿಲ್ಲದೆ ಕೊಂಚ ದೂರ ಓಡಿಸಿದ ಟೈರಿನ ಗತಿಯೂ ಇದೇ: ಕೆನ್ನೆಯ ನೂಲು ಒಳಗೊಳಗೇ ಕಾದು ಹರಿದಿರುತ್ತದೆ, ಹೊರಗೆ ಕಾಣಿಸದು.

ನಮ್ಮ ನಾಡಿನ ರಸ್ತೆಗಳಲ್ಲಿ ಕೆನ್ನೆಯ ಪೆಟ್ಟು ದೂರದ ಸಂಭವವಲ್ಲ. ಮಳೆಗಾಲದಲ್ಲಿ ನೀರು ತುಂಬಿ ಮೋಸಗೊಳಿಸುವ ಗುಂಡಿಯ ಅಂಚಿಗೆ ಚಕ್ರ ಬಡಿದಾಗ, ಗುಂಡಿಯ ಅಂಚಿಗೂ ಚಕ್ರದ ಲೋಹದ ಬಳೆಗೂ ನಡುವೆ ಟೈರು ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತಾಗುವುದು. ಶಿರಾಡಿಯ ಘಾಟಿಯಲ್ಲಿ ರಾತ್ರಿ ಹತ್ತು ಗಂಟೆಗೆ, ಮಕ್ಕಳನ್ನೂ ಮುದುಕರನ್ನೂ ಕೂರಿಸಿಕೊಂಡ ಕಾರಿಗೆ ಹೀಗಾದರೆ, ಸ್ಟೆಪ್ನಿ ಇದ್ದವರು ಅರ್ಧ ಗಂಟೆಯಲ್ಲಿ ಹೊರಟಾರು. ಸೀಸೆ ಮಾತ್ರವಿದ್ದವರು ಎಳೆದೊಯ್ಯುವ ಲಾರಿಗಾಗಿ ಮಳೆಯಲ್ಲಿ ಕಾಯಬೇಕು.

ಹಾಗೆಂದು ಸ್ಟೆಪ್ನಿ ನಿರ್ದೋಷಿಯೇನೂ ಅಲ್ಲ. ಚಕ್ರದ ತಿರುಪುಗಳನ್ನು ಸಾಮಾನ್ಯವಾಗಿ ಸುಮಾರು 10 ಕಿಲೋಗ್ರಾಂ-ಮೀಟರಿನ ಬಿಗಿಗೆ ತಿರುಗಿಸಿರುತ್ತಾರೆ. ಕಾರಿನೊಡನೆ ಕೊಡುವ ಕೈಕೋಲು 25 ಸೆಂಟಿಮೀಟರು ಉದ್ದವಾದರೆ ಅದರ ತುದಿಗೆ 40 ಕಿಲೋಗ್ರಾಂ ಬಲ ಬೇಕು; ತುಕ್ಕು ಹಿಡಿದಿದ್ದರೆ ಇನ್ನೂ ಹೆಚ್ಚು. ಕೋಲಿನ ಉದ್ದ ಇಮ್ಮಡಿಯಾದರೆ ಬಲ ಅರ್ಧ ಸಾಕೆಂಬುದು ಸನ್ನೆಕೋಲಿನ ನಿಯಮ. ಒಂದು ಉದ್ದನೆಯ ಕೋಲನ್ನು ಕೊಂಡಿಟ್ಟುಕೊಂಡರೆ ಮೈಕಟ್ಟು ಸಣ್ಣದಾದವರೂ ಈ ಕೆಲಸ ಮಾಡಬಲ್ಲರು. ತಿರುಪುಗಳನ್ನು ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ; ಜಾಕಿಯಿಂದ ಎತ್ತುವುದು ಆಮೇಲೆ.

ಅದಕ್ಕಿಂತ ಮಿಗಿಲಾದ ಆತಂಕ ಸ್ಥಳದ್ದು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ವೇಗದ ದಾರಿಯ ಅಂಚಿನಲ್ಲಿ ಅರ್ಧ ಗಂಟೆ ಕುಕ್ಕುರುಗಾಲಿನಲ್ಲಿ ಕೂರುವುದು ಪ್ರಾಣಕ್ಕೆ ಅಪಾಯ. ವಾಹನ ನಿಲ್ಲಿಸುವುದೇ ನಿಷಿದ್ಧವಾದ ಬಂಡೀಪುರದ ಕಾಡುದಾರಿಯ ಮಾತನ್ನು ಹೇಳಬೇಕಾದ್ದೇ ಇಲ್ಲ. ಇಂಥ ಎಡೆಗಳಲ್ಲಿ ಕೆಲವೇ ನಿಮಿಷಗಳಲ್ಲಿ ಗಾಳಿ ತುಂಬಿಸಿ ಮುಂದಿನ ಸುರಕ್ಷಿತ ನಿಲುಗಡೆಗೆ ಮೆಲ್ಲಗೆ ಸಾಗಿಸಬಲ್ಲ ಯಂತ್ರವು ಸ್ಟೆಪ್ನಿಗಿಂತ ದೊಡ್ಡ ಆಪ್ತ.

ಇಂಧನದ ಉಳಿತಾಯವೆಂಬ ತಯಾರಕರ ವಾದವನ್ನು ನಾವು ಹೆಚ್ಚಾಗಿ ಗಣಿಸುವುದಿಲ್ಲ. ಚಕ್ರವೂ ಜಾಕಿಯೂ ಸೇರಿ 20 ಕಿಲೋಗ್ರಾಂ. 1200ರಲ್ಲಿ ಅದು ಶೇಕಡಾ ಒಂದೂವರೆಯನ್ನು ಅಷ್ಟಾಗಿ ಮೀರದು, ಇಂಧನದ ಉಳಿತಾಯ ಅದಕ್ಕೂ ಕಡಿಮೆ. ವಿದ್ಯುತ್ ಕಾರುಗಳಲ್ಲಿಯೂ ಅನಿಲದ ಕಾರುಗಳಲ್ಲಿಯೂ ಸ್ಥಳದ ಅಭಾವವಿರುವುದು ಮಾತ್ರ ನಿಜ. ಇದಕ್ಕಾಗಿ ಕಿರಿದಾದ ಸ್ಟೆಪ್ನಿಯೊಂದು ಬಳಕೆಗೆ ಬಂದಿದೆ. ಅಗಲ ಕಡಿಮೆಯಾದುದರಿಂದ ಅದು ನೆಲವನ್ನು ಮುಟ್ಟುವುದೂ ಕಡಿಮೆ. ಅದೇ 300 ಕಿಲೋಗ್ರಾಮನ್ನು ಹೊರಲು ಅದಕ್ಕೆ 33ರ ಬದಲು 60 ಪೌಂಡಿನ ಒತ್ತಡ ಬೇಕಾಗುವುದು. ಮುಟ್ಟುವ ನೆಲ ಹೀಗೆ 70 ಚದರ ಸೆಂಟಿಮೀಟರಿಗೆ ಇಳಿಯುವುದರಿಂದ ಬ್ರೇಕಿನ ಹಿಡಿತ ತಗ್ಗುತ್ತದೆ. ಗಂಟೆಗೆ 80 ಕಿಲೋಮೀಟರು ಮೀರಬಾರದೆಂದು ಅದರ ಮೈಮೇಲೆ ಬರೆದಿರುವುದನ್ನು ಅಲಂಕಾರವೆಂದು ತಿಳಿಯಬಾರದು.

ದಿನವೂ ಪೇಟೆಯೊಳಗೇ ಓಡಾಡುವ, ಫರ್ಲಾಂಗಿಗೊಂದು ಪಂಕ್ಚರು ಅಂಗಡಿ ಸಿಕ್ಕುವ ಊರಿನವರಿಗೆ ಪೆಟ್ಟಿಗೆ ಧಾರಾಳವಾಗಿ ಸಾಕು. ಘಟ್ಟ, ಹಳ್ಳಿ, ಕಾಡುಗಳ ದಾರಿ ಹಿಡಿಯುವವರು ಸ್ಟೆಪ್ನಿಯನ್ನು ಬಿಡಬಾರದೆಂಬುದು ನಮ್ಮ ಅಭಿಪ್ರಾಯ. ಬತ್ತಿಯ ಪೊಟ್ಟಣವೂ ಗಾಳಿಯಂತ್ರವೂ ಜೊತೆಗಿದ್ದರೆ ಎಷ್ಟೋ ವೇಳೆ ಸ್ಟೆಪ್ನಿಯನ್ನು ಹೊರತೆಗೆಯುವ ಶ್ರಮವೇ ತಪ್ಪುವುದು. ಇರುವ ಸ್ಟೆಪ್ನಿಯನ್ನು ತಿಂಗಳಿಗೊಮ್ಮೆ ಅಳೆಯಬೇಕು, ಏಕೆಂದರೆ ರಂಧ್ರವಿಲ್ಲದ ಟೈರಿನಿಂದಲೂ ರಬ್ಬರಿನ ಮೂಲಕ ಗಾಳಿ ಮೆಲ್ಲಗೆ ಹೊರಸೂಸುತ್ತಲೇ ಇರುತ್ತದೆ. ರಬ್ಬರಿಗೆ ಮುಪ್ಪೂ ಉಂಟು. ಟೈರಿನ ಕೆನ್ನೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕಡೆಯೆರಡು ವರ್ಷವನ್ನೂ ಹೇಳುತ್ತವೆ: 3222 ಎಂದರೆ 2022ರ ಮೂವತ್ತೆರಡನೆಯ ವಾರ. ಹಾಲಿನ ಸೀಸೆಯ ಮೇಲೆಯೂ ಅವಧಿ ಮುಗಿಯುವ ದಿನ ಅಚ್ಚಾಗಿರುತ್ತದೆ. ಅದು ದಾಟಿದ ಸೀಸೆಯಲ್ಲಿ ರಬ್ಬರು ಆಗಲೇ ಹೆಪ್ಪುಗಟ್ಟಿರಬಹುದು. ಕಾರು ಕೊಳ್ಳುವ ಮುನ್ನ ಹಿಂಬದಿಯ ಹಾಸುಗಂಬಳಿಯನ್ನು ಎತ್ತಿಸಿ ನೋಡುವುದು ಒಳ್ಳೆಯದು: ಸ್ಟೆಪ್ನಿ ಕೊಡದಿದ್ದರೂ ಕೆಲವು ಕಾರುಗಳಲ್ಲಿ ಅದನ್ನಿಡುವ ಗುಂಡಿಯನ್ನು ಬಿಟ್ಟಿರುತ್ತಾರೆ, ಅದರ ವ್ಯಾಸವನ್ನೂ ಆಳವನ್ನೂ ಅಳತೆಪಟ್ಟಿಯಿಂದ ಅಳೆದುಕೊಂಡರೆ, ತಕ್ಕ ಚಕ್ರವೊಂದನ್ನು ಬೇರೆಯಾಗಿ ಕೊಂಡು ಕೂರಿಸಬಹುದು.