ಹಗೇವಿನ ಬುಟ್ಟಿ, ಡೇಟಾಬೇಸಿನ ಕರ್ಸರ್

ಮಾಧವನಗರದ ಕಡೆಯವರಿಗೆ ಹರಿಪುರದ ಹಗೇವು ಗೊತ್ತಿರಬಹುದು. ಮರಾಠಿಯಲ್ಲಿ ‘ಪೇವ’ ಅಂತಾರೆ. ಸಾಂಗಲಿ ಪೇಟೆಯ ಅರಿಷಿಣವನ್ನು ನೆಲದೊಳಗೆ ಕೂಡಿಡುತ್ತಿದ್ದ ಗುಂಡಿಗಳವು. 2005ರ ಮಹಾಪೂರದಲ್ಲಿ ಬಹಳಷ್ಟು ಹಾಳಾದವು. ಹಗೇವಿನ ಮಾಲನ್ನು ಬುಟ್ಟಿ ಬುಟ್ಟಿಯಾಗಿ ಎತ್ತಬೇಕು. ಇಡೀ ರಾಶಿಯನ್ನು ಪಡಸಾಲೆಗೆ ಸುರಿದರೆ ಕಾಲಿಡಲೂ ಜಾಗ ಇರೋದಿಲ್ಲ.

ಡೇಟಾಬೇಸ್ ಡಿಸ್ಕಿನಲ್ಲಿರುವ ಹಗೇವು. ಮೆಮೊರಿ ನಿಮ್ಮ ಪಡಸಾಲೆ. ಅರಿಷಿಣ ಮಾರಾಟದ 1 ಕೋಟಿ ಸಾಲುಗಳ ಕೋಷ್ಟಕ ಇದೆ ಅಂದುಕೊಳ್ಳಿ. ಸಾಲಿಗೆ 200 ಬೈಟ್ ಆದರೆ ಒಟ್ಟು 200 ಕೋಟಿ ಬೈಟ್, ಸುಮಾರು 2 ಜಿಬಿ. ಪೈಥಾನಿನಲ್ಲಿ ‘ಫೆಚ್‌ಆಲ್’ ಎಂದರೆ ಅಷ್ಟೂ ಮೆಮೊರಿಗೆ ಬಂದು, ಅಲ್ಲಿ ಇನ್ನೂ ಉಬ್ಬುತ್ತದೆ. 4 ಜಿಬಿಯ ಕಂಪ್ಯೂಟರ್ ತಡವರಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮನ್ನೇ ನಿಲ್ಲಿಸಿಬಿಡಬಹುದು. ಅಲ್ಲಿವರೆಗಿನ ಲೆಕ್ಕ ಹೋಯ್ತು!

ಬದಲಿಗೆ ‘ಫೆಚ್‌ಮೆನಿ’ ಬಳಸಿ 1000 ಸಾಲು ಕೇಳಿ. 2 ಲಕ್ಷ ಬೈಟ್ ಬಂತು; ಲೆಕ್ಕಕ್ಕೆ ಸೇರಿಸಿ, ಬಿಟ್ಟುಬಿಡಿ, ಮುಂದಿನ ಬುಟ್ಟಿ ಕೇಳಿ. ಎಲ್ಲಿಗೆ ಬಂದಿದ್ದೇವೆ ಅನ್ನೋದನ್ನ ‘ಕರ್ಸರ್’ ನೆನಪಿಡುತ್ತದೆ. ಬಂದ ಸಾಲುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಕೂಡಿಡುತ್ತಾ ಹೋದರೆ ಮಾತ್ರ ಮತ್ತೆ ಅದೇ ಪಾಡು.

ಇಲ್ಲೊಂದು ತೊಡಕಿದೆ. ಎಸ್‌ಕ್ಯೂಲೈಟ್ ಕೇಳಿದಷ್ಟೇ ಸಾಲು ಕೊಡುತ್ತದೆ. ಪೋಸ್ಟ್‌ಗ್ರೆಸ್ ಜೊತೆ ಬಳಸುವ ‘ಸೈಕೋಪಿಜಿ2’ ಹಾಗಲ್ಲ. ಪ್ರಶ್ನೆ ಕಳಿಸಿದ ಕೂಡಲೇ ಇಡೀ ಉತ್ತರವನ್ನು ನಿಮ್ಮ ಮೆಮೊರಿಗೇ ತಂದಿಟ್ಟಿರುತ್ತದೆ. ಆಮೇಲೆ ಫೆಚ್‌ಮೆನಿ ಅಂದರೂ ಉಪಯೋಗವಿಲ್ಲ. ಅಲ್ಲಿ ಕರ್ಸರಿಗೆ ಒಂದು ಹೆಸರು ಕೊಡಿ. ಆಗ ರಾಶಿ ಸರ್ವರಿನಲ್ಲೇ ಉಳಿಯುತ್ತದೆ.

ಬರೀ ಮೊತ್ತ ಬೇಕಿದ್ದರೆ ಇಷ್ಟೆಲ್ಲ ಬೇಡ. ‘ಸಮ್’ ಎಂದು ಡೇಟಾಬೇಸನ್ನೇ ಕೇಳಿ. ಬರೋದು ಒಂದೇ ಸಾಲು.