ಗುಡ್ಡಾಪುರದ ಹಾದಿಗೆ ಬಿಸಿ ಚಹಾ: ಫ್ಲಾಸ್ಕ್ ಕಾಯುವ ಸೂತ್ರಗಳು

ಛಟ್ಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಜತ್ತ ತಾಲೂಕಿನ ಹಾದಿಗಳೆಲ್ಲ ಗುಡ್ಡಾಪುರದ ದಾನಮ್ಮದೇವಿಯ ಕಡೆಗೇ. ವಿಜಯಪುರದ ಕಡೆಯಿಂದ ನಡೆದು ಬರುವ ಭಕ್ತರಿಗೆ ಹಗಲು ಬಿಸಿಲು, ಬೆಳಗಿನ ಜಾವ ಚಳಿ. ಜೊತೆಯಲ್ಲಿ ವಯಸ್ಸಾದ ಅವ್ವನೋ ಎಳೆಗೂಸೋ ಇದ್ದರೆ ಚೀಲದಲ್ಲೊಂದು ಫ್ಲಾಸ್ಕ್ ಇರಲೇಬೇಕು.

1. ಫ್ಲಾಸ್ಕ್ ಬಿಸಿ ಹುಟ್ಟಿಸುವುದಿಲ್ಲ, ಕೊಟ್ಟದ್ದನ್ನು ಕಾಯುತ್ತದೆ. ಎರಡು ಗೋಡೆಗಳ ನಡುವಿನ ಗಾಳಿ ತೆಗೆದರೆ ಶಾಖ ದಾಟಲು ಸುಲಭದ ದಾರಿ ಸಿಗದು. 1892ರಲ್ಲಿ ವಿಜ್ಞಾನಿ ಜೇಮ್ಸ್ ಡ್ಯೂವಾರ್ ಈ ಉಪಾಯ ಹೂಡಿದ್ದು ಅತಿ ತಣ್ಣನೆಯ ದ್ರವಗಳನ್ನು ಕಾಯಲು. ಉಗುರುಬೆಚ್ಚಗಿನ ಚಹಾ ಹಾಕಿ ಫ್ಲಾಸ್ಕನ್ನು ದೂರಬೇಡಿ.

2. ಚಹಾ ಸುರಿಯುವ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಫ್ಲಾಸ್ಕ್ ಬೆಚ್ಚಗಾಗಿಸಿ. ಒಳಗೆ ಗಾಜಿದ್ದರೆ ಮೊದಲು ಬೆಚ್ಚನೆಯ ನೀರು, ಆಮೇಲೆ ಕುದಿನೀರು. ಇಲ್ಲವಾದರೆ ಗಾಜು ಸಿಡಿದೀತು. ಆ ನೀರು ಚೆಲ್ಲಬೇಡಿ, ಪಾತ್ರೆ ತೊಳೆಯಲು ಇಡಿ. ಬರ ಕಂಡ ಜತ್ತದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

3. ಮುಚ್ಚಳಕ್ಕೆ ಒಂದು ಬೆರಳು ಜಾಗ ಬಿಟ್ಟು ತುಂಬ ಹಾಕಿ. ಅರ್ಧ ತುಂಬಿದ್ದು ಬೇಗ ಆರುತ್ತದೆ.

4. ಹಾಲಿನ ಚಹಾ ಹೊತ್ತು ಹೋಗಬೇಡಿ. ಹಾಲು ತಾಸುಗಟ್ಟಲೆ ಬೆಚ್ಚಗಿದ್ದರೆ ಸೂಕ್ಷ್ಮಾಣುಗಳಿಗೆ ಹಬ್ಬ. 60 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಶುರು. ಶುಂಠಿ ಜಜ್ಜಿ ಹಾಕಿ ಬೆಲ್ಲದ ಕರಿ ಚಹಾ ಒಯ್ಯಿರಿ, ನಿಂತ ಊರಲ್ಲಿ ಹಾಲು ಕೂಡಿಸಿ. ಕೂಸಿಗೆ ಪುಡಿ ಹಾಲಾದರೆ ಕುದಿಸಿದ ನೀರಷ್ಟೇ ಫ್ಲಾಸ್ಕಿನಲ್ಲಿರಲಿ. ಕುಡಿಸುವ ಹೊತ್ತಿಗೆ ಕಲಸಿ, ಆರಿಸಿ ಕೊಡಿ. ಈ ಒಂದು ವಿಷಯದಲ್ಲಿ ಸೋಮಾರಿತನ ಬೇಡವೇ ಬೇಡ.

5. ಬೇಸಿಗೆಯಲ್ಲಿ ದ್ರಾಕ್ಷಿ, ದಾಳಿಂಬೆ ತೋಟಕ್ಕೆ ಮಜ್ಜಿಗೆ ಒಯ್ಯುವವರು ತಣ್ಣೀರಿನಿಂದ ಫ್ಲಾಸ್ಕ್ ತಂಪಾಗಿಸಿ. ಮಧ್ಯಾಹ್ನದೊಳಗೆ ಮುಗಿಸಿ, ಮನೆಗೆ ಬಂದ ಕೂಡಲೇ ತೊಳೆಯಿರಿ. ಉಪ್ಪು, ಹುಳಿ ರಾತ್ರಿಯೆಲ್ಲ ನಿಂತರೆ ಸ್ಟೀಲಿಗೂ ಕೆಡುಕು.

6. ವಾಸನೆ ಕುಳಿತಿರುವುದು ಹೆಚ್ಚಾಗಿ ಮುಚ್ಚಳದ ರಬ್ಬರ್ ಬಳೆಯಲ್ಲಿ. ಬಿಚ್ಚಿ ತೊಳೆಯಿರಿ. ಒಳಗಿನ ಚಹಾದ ಕಲೆಗೆ ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಸಾಕು. ಮುಚ್ಚಳ ತೆರೆದಿಟ್ಟು ಒಣಗಿಸಿ.

7. ಹೊರಡುವ ಮೊದಲೇ ಪರೀಕ್ಷಿಸಿ. ಕುದಿನೀರು ತುಂಬಿದ ಮೇಲೆ ಹೊರಮೈ ಬಿಸಿಯಾದರೆ ಗೋಡೆಯ ನಡುವೆ ಗಾಳಿ ಹೊಕ್ಕಿದೆ. ಮನೆಯಲ್ಲಿ ರಿಪೇರಿ ಆಗದು. ಗಾಜಿನದಾದರೆ ಅಲುಗಾಡಿಸಿ ಕೇಳಿ, ಚೂರಿನ ಸದ್ದು ಬಂದರೆ ಅದರಲ್ಲಿ ಕುಡಿಯಲೇಬೇಡಿ.

8. ಒಳ್ಳೆಯ ಫ್ಲಾಸ್ಕಿನ ಚಹಾ ತಾಸುಗಳ ಮೇಲೂ ನಾಲಿಗೆ ಸುಡುತ್ತದೆ. ಅವ್ವನ ಲೋಟಕ್ಕೆ ಅರ್ಧವೇ ಸುರಿದು, ಊದಿ ಕೊಡಿ.